ವಹಿಗೂ ಕಂಪ್ಯೂಟರಿಗೂ ಲೆಕ್ಕ ಕೂಡದಿದ್ದಾಗ: ಥ್ರೆಡ್‌ಗಳು ಹಂಚಿಕೊಳ್ಳುವ ಡೇಟಾದ ದೋಷ ನಿವಾರಣೆ ಕೈಪಿಡಿ

ಡಿಸೆಂಬರ್ ಕೊನೆಗೆ ತೊಗರಿ ರಾಶಿ ಶುರುವಾಯಿತೆಂದರೆ ಕಲಬುರಗಿಯ ದಾಲ್ ಮಿಲ್ಲುಗಳ ಅಂಗಳದಲ್ಲಿ ಟ್ರ್ಯಾಕ್ಟರುಗಳಿಗೆ ನಿಲ್ಲಲು ಜಾಗ ಸಾಲುವುದಿಲ್ಲ. ಅಂಥ ಒಂದು ಮಿಲ್ಲಿನ ತೂಕದ ಲೆಕ್ಕದ ಸಾಫ್ಟ್‌ವೇರನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಎರಡು ಕಾಂಟಾಗಳಿವೆ, ಅಂದರೆ ತೂಕದ ಯಂತ್ರಗಳು. ಒಂದೊಂದು ಕಾಂಟಾದಿಂದ ಬರುವ ತೂಕವನ್ನು ಒಂದೊಂದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಉಳಿದವುಗಳ ಜೊತೆಜೊತೆಗೇ ನಡೆಯುವ ಕೆಲಸದ ಎಳೆ, ಓದಿಕೊಳ್ಳುತ್ತದೆ. ಎರಡೂ ಥ್ರೆಡ್‌ಗಳು ‘ಇಂದಿನ ಒಟ್ಟು ಚೀಲ’ ಎಂಬ ಒಂದೇ ಸಂಖ್ಯೆಗೆ ಕೂಡಿಸುತ್ತವೆ. ಮಳೆಗಾಲವೆಲ್ಲ ಸರಿಯಾಗಿದ್ದ ಆ ಸಂಖ್ಯೆ ಸುಗ್ಗಿಯ ಒಂದು ಸಂಜೆ ತಪ್ಪಿತು. ಹಮಾಲರ ಮೇಸ್ತ್ರಿ ತಮ್ಮ ವಹಿಯನ್ನು ಮೇಜಿನ ಮೇಲಿಟ್ಟು, ಐದೈದರ ಕಟ್ಟಾಗಿ ಎಳೆದಿದ್ದ ಪೆನ್ಸಿಲ್ ಗೀಟುಗಳ ಮೇಲೆ ಬೆರಳಾಡಿಸಿ, “ಸರ, ನಮ್ಮ ವಹಿನ್ಯಾಗ ನಾನೂರಾ ಇಪ್ಪತ್ಮೂರು ಅವರೀ. ನಿಮ್ಮ ಕಂಪ್ಯೂಟರಿನ್ಯಾಗ ಆರು ಚೀಲ ಎಲ್ಲಿ ಹೋದವು?” ಎಂದು ಕೇಳಿದರು. ಪರದೆಯ ಮೇಲೆ 417 ಇತ್ತು.

ನಾನು ಮೊದಲು ಕೇಬಲನ್ನು ಅನುಮಾನಿಸಿದೆ, ಆಮೇಲೆ ವಿದ್ಯುತ್ತಿನ ಏರಿಳಿತವನ್ನು. ಎರಡು ದಿನ ಹಾಗೆಯೇ ಹೋಯಿತು. ಆ ಎರಡು ದಿನ ಬೇರೆಯವರಿಗೆ ಉಳಿಯಲಿ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಏಕಕಾಲದಲ್ಲಿ ನಡೆಯುವ ಕೆಲಸಗಳು ಒಂದೇ ಡೇಟಾವನ್ನು ಹಂಚಿಕೊಂಡಾಗ ಹುಟ್ಟುವ ದೋಷಗಳಲ್ಲಿ ‘ಯಾವ ಸಾಲು ತಪ್ಪು’ ಎಂದು ಹುಡುಕುತ್ತ ಹೋದರೆ ಏನೂ ಸಿಗುವುದಿಲ್ಲ, ಏಕೆಂದರೆ ಪ್ರತಿ ಸಾಲೂ ತನ್ನಷ್ಟಕ್ಕೆ ತಾನು ಸರಿಯಾಗಿಯೇ ಇರುತ್ತದೆ. ಈ ಡೇಟಾದ ಒಡೆತನ ಯಾರದು, ಅವರನ್ನು ಕೇಳದೆ ಅದಕ್ಕೆ ಯಾರು ಯಾರು ಕೈ ಹಾಕುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಹಿಡಿದು ಹೋದರೆ ದಾರಿ ಸಿಗುತ್ತದೆ. ಕೆಳಗಿನ ಪ್ರತಿ ಲಕ್ಷಣದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ ಬರುತ್ತದೆ.

ಕೈ ಹಾಕುವ ಮೊದಲು ಪಾಲಿಸಬೇಕಾದ ಎಚ್ಚರಿಕೆಗಳು

ಲೆಕ್ಕ ತಪ್ಪುತ್ತಿದೆ ಎಂದು ಗೊತ್ತಾದ ಕ್ಷಣದಿಂದ ಆ ಸಂಖ್ಯೆಯ ಮೇಲೆ ಹಣ ಕೊಡುವುದನ್ನು ನಿಲ್ಲಿಸಿ, ಕಾಗದದ ಚೀಟಿಗೆ ಮರಳಬೇಕು. ರೈತರ ಪಟ್ಟಿ ಹಣ ಅದರ ಮೇಲೆ ನಿಂತಿರುವುದರಿಂದ ಇದರಲ್ಲಿ ಸಂಕೋಚ ಪಡಬಾರದು. ಡೇಟಾಬೇಸಿನ ಒಂದು ನಕಲನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಂಡ ಮೇಲೆಯೇ ಮುಂದಿನ ಕೆಲಸ.

ಪ್ರೋಗ್ರಾಂ ಅಲುಗಾಡದೆ ನಿಂತಿದ್ದರೆ ಕೂಡಲೇ ಬಂದ್ ಮಾಡಿ ಮತ್ತೆ ಶುರು ಮಾಡುವ ಅಭ್ಯಾಸ ಎಲ್ಲರಿಗೂ ಇದೆ. ಹಾಗೆ ಮಾಡಿದರೆ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಯಾವ ಥ್ರೆಡ್ ಎಲ್ಲಿ ನಿಂತಿದೆ ಎಂಬ ವಿವರವನ್ನು ಮೊದಲು ತೆಗೆದಿಟ್ಟುಕೊಳ್ಳಬೇಕು. ಅದರ ಕ್ರಮ ಮುಂದೆ ಬರುತ್ತದೆ. ಬಲವಂತದ ಕಿಲ್ ಆದೇಶವನ್ನು ಕೊನೆಗೆ ಇಟ್ಟುಕೊಳ್ಳಿ, ಫೈಲು ಬರೆಯುತ್ತಿರುವಾಗ ಕೊಂದರೆ ಅರ್ಧ ಬರೆದ ಫೈಲು ಉಳಿಯುತ್ತದೆ.

ಇದೇ ಸಾಫ್ಟ್‌ವೇರು ಮೋಟಾರು, ಎಲಿವೇಟರ್ ಅಥವಾ ರೋಲರನ್ನೂ ನಡೆಸುತ್ತಿದ್ದರೆ ಪರೀಕ್ಷೆಯ ಹೊತ್ತಿನಲ್ಲಿ ಯಂತ್ರದ ವಿದ್ಯುತ್ತನ್ನು ಮೇನ್ ಸ್ವಿಚ್ಚಿನಿಂದಲೇ ತೆಗೆಯಬೇಕು, ಪರದೆಯ ಮೇಲಿನ ‘ನಿಲ್ಲಿಸು’ ಗುಂಡಿಯನ್ನು ನಂಬಬಾರದು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದಿಂದ 1985ರಿಂದ 1987ರವರೆಗೆ ಕನಿಷ್ಠ ಆರು ರೋಗಿಗಳು ಮಿತಿಮೀರಿದ ವಿಕಿರಣಕ್ಕೆ ಒಳಗಾದರು, ಅವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಆಪರೇಟರು ನಮೂದನ್ನು ಬೇಗ ಬೇಗ ತಿದ್ದಿದಾಗ ಮಾತ್ರ ತಲೆಯೆತ್ತುತ್ತಿದ್ದ ಒಂದು ರೇಸ್ ಕಂಡಿಷನ್, ಅಂದರೆ ಎರಡು ಕೆಲಸಗಳಲ್ಲಿ ಯಾವುದು ಮೊದಲು ನಡೆಯಿತು ಎಂಬುದರ ಮೇಲೆ ಫಲಿತಾಂಶ ಬದಲಾಗುವ ದೋಷ, ಅದರ ಕಾರಣಗಳಲ್ಲಿ ಒಂದು. ಹಿಂದಿನ ಮಾದರಿಯಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ಕೈಬಿಟ್ಟು ಸಾಫ್ಟ್‌ವೇರನ್ನೇ ನೆಚ್ಚಿಕೊಂಡದ್ದು ಇನ್ನೊಂದು.

ಲಕ್ಷಣ: ಒಟ್ಟು ಲೆಕ್ಕ ಕಡಿಮೆ ಬರುತ್ತದೆ, ಅದೂ ಗದ್ದಲವಿದ್ದ ದಿನ ಮಾತ್ರ

ಮೊದಲ ಪರೀಕ್ಷೆಗೆ ಕಾಗದ, ಪೆನ್ನು ಸಾಕು. ಎಷ್ಟು ಕಡಿಮೆ ಬಂದಿದೆಯೋ ಆ ಅಂಕೆಯನ್ನು ಬರೆದುಕೊಂಡು, ಆ ದಿನದ ಬಿಡಿ ನಮೂದುಗಳಲ್ಲಿ ಯಾವುದಾದರೂ ಒಂದಕ್ಕೆ ಅಥವಾ ಎರಡರ ಮೊತ್ತಕ್ಕೆ ಅದು ಸರಿಯಾಗಿ ಹೊಂದುತ್ತದೆಯೇ ಎಂದು ನೋಡಿ. ಕೊರತೆಯು ಪ್ರತಿ ತೂಕದಲ್ಲೂ ಸ್ವಲ್ಪ ಸ್ವಲ್ಪ ಹರಡಿಕೊಂಡಿದ್ದರೆ ಕಾಂಟಾದ ಕ್ಯಾಲಿಬ್ರೇಷನ್ ತಪ್ಪಿದೆ, ಅದು ನಮ್ಮ ವಿಷಯವಲ್ಲ. ಲೆಕ್ಕ ಹೆಚ್ಚು ಬಂದಿದ್ದರೆ ಒಂದೇ ನಮೂದು ಎರಡು ಸಲ ಹೋಗಿದೆ. ಗುಂಡಿಯನ್ನು ಎರಡು ಸಲ ಒತ್ತಿದ್ದಾರೋ, ನೆಟ್‌ವರ್ಕ್ ಕೈಕೊಟ್ಟಾಗ ಪ್ರೋಗ್ರಾಮೇ ಮತ್ತೊಮ್ಮೆ ಕಳಿಸಿದೆಯೋ ನೋಡಬೇಕು. ಒಂದು ಇಡೀ ನಮೂದಿನಷ್ಟೇ ಕಡಿಮೆ ಬಂದಿದ್ದರೆ, ಅದೂ ಎರಡೂ ಕಾಂಟಾ ಒಟ್ಟಿಗೆ ನಡೆದ ಹೊತ್ತಿನದಾಗಿದ್ದರೆ, ಒಂದು ಥ್ರೆಡ್ ಬರೆದದ್ದನ್ನು ಇನ್ನೊಂದು ಥ್ರೆಡ್ ಅಳಿಸಿದೆ ಎಂದು ಬಲವಾಗಿ ಅನುಮಾನಿಸಬಹುದು. ನಮ್ಮ ಆರು ಚೀಲ ಒಬ್ಬ ರೈತರು ತಂದ ಒಂದೇ ಖೇಪಿನ ಆರು ಚೀಲವಾಗಿತ್ತು.

ಆದದ್ದು ಹೀಗೆ. ‘ಒಟ್ಟಿಗೆ ಇಷ್ಟು ಕೂಡಿಸು’ ಎಂಬುದು ನಮ್ಮ ಕಣ್ಣಿಗೆ ಒಂದೇ ಸಾಲು; ಪ್ರೊಸೆಸರಿಗೆ ಅದು ಮೂರು ಕೆಲಸ: ಹಳೆಯ ಸಂಖ್ಯೆಯನ್ನು ಓದುವುದು, ಕೂಡಿಸುವುದು, ಹೊಸದನ್ನು ಬರೆಯುವುದು. ಒಟ್ಟು 412 ಇದ್ದಾಗ ಮೊದಲ ಕಾಂಟಾದ ಥ್ರೆಡ್ 412 ಓದಿ, ತನ್ನ ಆರನ್ನು ಕೂಡಿಸಿ, 418 ಬರೆಯಲು ಹೊರಟಿದೆ. ಅದು ಬರೆಯುವ ಮೊದಲೇ ಎರಡನೆಯ ಕಾಂಟಾದ ಥ್ರೆಡ್ ಕೂಡ 412 ಅನ್ನೇ ಓದಿಕೊಂಡಿದೆ. ಮೊದಲನೆಯದು 418 ಬರೆಯಿತು. ಎರಡನೆಯದು ತನ್ನ ಐದನ್ನು ಕೂಡಿಸಿ ಅದರ ಮೇಲೆಯೇ 417 ಬರೆಯಿತು. 423 ಆಗಬೇಕಿದ್ದ ಜಾಗದಲ್ಲಿ 417 ಉಳಿಯಿತು, ಯಾವ ಎಚ್ಚರಿಕೆಯ ಸಂದೇಶವೂ ಬರಲಿಲ್ಲ. ಟ್ರ್ಯಾಕ್ಟರುಗಳು ಗಂಟೆಗೊಂದು ಬರುವಾಗ ಈ ಎರಡು ಓದುಗಳು ಒಂದರ ಮೇಲೊಂದು ಬೀಳುವ ಸಂಭವವೇ ಇಲ್ಲವೆನ್ನಬಹುದು. ಅದಕ್ಕೇ ಮಳೆಗಾಲದಲ್ಲಿ ದೋಷ ಕಾಣಲಿಲ್ಲ.

ಎರಡನೆಯ ಪರೀಕ್ಷೆ: ಒಟ್ಟು ಸಂಖ್ಯೆಯನ್ನು ಬದಿಗಿಟ್ಟು, ಡೇಟಾಬೇಸಿನಲ್ಲಿರುವ ಬಿಡಿ ನಮೂದುಗಳನ್ನೇ ಮೊದಲಿನಿಂದ ಕೂಡಿಸಿ ನೋಡಿ. ಆ ಮೊತ್ತ ವಹಿಗೆ ಹೊಂದಿದರೆ ನಮೂದುಗಳು ಸುರಕ್ಷಿತವಾಗಿವೆ, ಕೆಟ್ಟಿರುವುದು ಮೆಮೊರಿಯಲ್ಲಿರುವ ಒಟ್ಟು ಮಾತ್ರ. ಇದು ಸಮಾಧಾನದ ಸುದ್ದಿ. ಬಿಡಿ ನಮೂದೇ ಕಾಣೆಯಾಗಿದ್ದರೆ ಕೇಬಲ್, ಡ್ರೈವರ್, ಕ್ಯೂ ಇವುಗಳ ಕಡೆಗೆ ಹೋಗಬೇಕು.

ಮೂರನೆಯ ಪರೀಕ್ಷೆ: ಒಂದು ಕಾಂಟಾವನ್ನು ಬಂದ್ ಮಾಡಿ ಅಥವಾ ಥ್ರೆಡ್‌ಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿ ಅರ್ಧ ದಿನ ನಡೆಸಿ. ದೋಷ ಮಾಯವಾದರೆ ಅನುಮಾನ ಗಟ್ಟಿಯಾಗುತ್ತದೆ. ಮಾಯವಾಗದಿದ್ದರೆ ತಪ್ಪು ಬೇರೆಲ್ಲೋ ಇದೆ, ಒಂದು ಹೊತ್ತಿಗೆ ಒಂದೇ ಥ್ರೆಡ್ ಡೇಟಾ ಮುಟ್ಟುವಂತೆ ಕಾಯುವ ಲಾಕ್ ಹಾಕುತ್ತ ಕುಳಿತರೆ ಹೊತ್ತು ಹಾಳು.

ನಾಲ್ಕನೆಯದು ಬೇರೆ ಯಂತ್ರದಲ್ಲಿ ಮಾಡುವ ಒತ್ತಡದ ಪರೀಕ್ಷೆ. ಹತ್ತು ಥ್ರೆಡ್‌ಗಳನ್ನು ಹುಟ್ಟಿಸಿ, ಪ್ರತಿಯೊಂದೂ ಒಂದು ಲಕ್ಷ ಸಲ ಒಂದನ್ನು ಕೂಡಿಸುವಂತೆ ಮಾಡಿದರೆ ಉತ್ತರ ಹತ್ತು ಲಕ್ಷ ಬರಬೇಕು. ಜಾವಾದಲ್ಲಿ, ಗೋ ಭಾಷೆಯಲ್ಲಿ, ಸಿ ಪ್ಲಸ್ ಪ್ಲಸ್‌ನಲ್ಲಿ ರಕ್ಷಣೆ ಇಲ್ಲದಿದ್ದರೆ ಬಹುತೇಕ ಪ್ರತಿ ಸಲವೂ ಅದಕ್ಕಿಂತ ಕಡಿಮೆ ಬರುತ್ತದೆ, ಮತ್ತು ಪ್ರತಿ ಸಲ ಬೇರೆ ಬೇರೆ ಸಂಖ್ಯೆ ಬರುತ್ತದೆ. ಪೈಥಾನ್ ಬಳಸುವವರು ‘ನಮಗೆ ಜಿಐಎಲ್ (ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್) ಎಂಬ ಬೀಗ ಇದೆ, ಒಂದು ಹೊತ್ತಿಗೆ ಒಂದೇ ಥ್ರೆಡ್ ಓಡುತ್ತದೆ’ ಎಂದು ನಿಶ್ಚಿಂತರಾಗಿರುತ್ತಾರೆ. ಆ ಬೀಗ ಕಾಯುವುದು ಪೈಥಾನಿನ ಒಳಗಿನ ರಚನೆಗಳನ್ನು. ನಿಮ್ಮ ಓದುವ ಹೆಜ್ಜೆಗೂ ಬರೆಯುವ ಹೆಜ್ಜೆಗೂ ನಡುವೆ ಸರದಿ ಬದಲಾಗದು ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಸಣ್ಣ ಪರೀಕ್ಷೆಯಲ್ಲಿ ತಪ್ಪು ಕಾಣದಿರಬಹುದು, ಅಷ್ಟಕ್ಕೇ ಕ್ಷೇಮವೆನ್ನಲಾಗದು. 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಲ್ಲಿ ಜಿಐಎಲ್ ಇಲ್ಲದ ರೂಪವೂ ಪ್ರಯೋಗವಾಗಿ ಸಿಗತೊಡಗಿತು, ಹಾಗಾಗಿ ಹಳೆಯ ನಂಬಿಕೆಯ ಮೇಲೆ ಹೊಸ ಕೋಡ್ ಬರೆಯಬಾರದು.

ಪರಿಹಾರ ಮೂರು ಬಗೆಯದು. ಬರಿಯ ಒಂದು ಸಂಖ್ಯೆಯಾಗಿದ್ದರೆ ಅಟಾಮಿಕ್ ಬಗೆಯ ಸಂಖ್ಯೆ ಸಾಕು, ಅಲ್ಲಿ ಓದು–ಕೂಡಿಸು–ಬರೆ ಎಂಬ ಮೂರೂ ಒಡೆಯದ ಒಂದೇ ಹೆಜ್ಜೆಯಾಗುತ್ತವೆ. ಹಲವು ಸಂಖ್ಯೆಗಳು ಒಟ್ಟಿಗೆ ಬದಲಾಗಬೇಕಿದ್ದರೆ ಮ್ಯೂಟೆಕ್ಸ್ ಎಂಬ ಲಾಕ್ ಬೇಕು. ನನಗೆ ಹೆಚ್ಚು ಒಪ್ಪಿಗೆಯಾದದ್ದು ಮೂರನೆಯದು: ಒಟ್ಟಿನ ಲೆಕ್ಕವನ್ನು ಒಂದೇ ಥ್ರೆಡ್‌ಗೆ ಒಪ್ಪಿಸಿ, ಉಳಿದವು ಕ್ಯೂ ಅಥವಾ ಚಾನೆಲ್ ಮೂಲಕ ‘ಆರು ಚೀಲ ಬಂತು’ ಎಂದು ಹೇಳಿ ಕಳಿಸುವುದು. ಅಡತಿ ಅಂಗಡಿಯಲ್ಲಿ ವಹಿ ಬರೆಯುವವರು ಒಬ್ಬರೇ ಇರುತ್ತಾರೆ, ಉಳಿದವರು ಕೂಗಿ ಹೇಳುತ್ತಾರೆ, ಇದೂ ಹಾಗೆಯೇ. ಚಾನೆಲ್ ಬಳಸುವಾಗ ಒಂದು ಎಚ್ಚರ ಬೇಕು. ಡೇಟಾದ ವಿಳಾಸವನ್ನು, ಅಂದರೆ ಪಾಯಿಂಟರನ್ನು, ಕಳಿಸಿದ ಮೇಲೂ ಕಳಿಸಿದವರು ಅದನ್ನೇ ತಿದ್ದುತ್ತಿದ್ದರೆ ಹಳೆಯ ದೋಷ ಹೊಸ ಬಾಗಿಲಿನಿಂದ ಒಳಗೆ ಬಂದಂತೆ. ಕೊಟ್ಟ ಮೇಲೆ ಮುಟ್ಟಬಾರದು.

ಲಕ್ಷಣ: ಲಾಕ್ ಹಾಕಿದ್ದೇವೆ, ಆದರೂ ತಪ್ಪುತ್ತದೆ

ಇದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ ಇದಕ್ಕೊಂದು ಪ್ರತ್ಯೇಕ ಜಾಗ ಕೊಡಲೇಬೇಕು. ಕಾರಣಗಳು ಸಾಮಾನ್ಯವಾಗಿ ನಾಲ್ಕು ಕಡೆ ಸಿಗುತ್ತವೆ.

ಬರೆಯುವವರು ಲಾಕ್ ಹಿಡಿಯುತ್ತಾರೆ, ಓದುವವರು ‘ನಾನು ಬರೀ ನೋಡುತ್ತೇನಲ್ಲ’ ಎಂದು ಬಿಟ್ಟುಬಿಡುತ್ತಾರೆ. ಓದುವುದಕ್ಕೂ ಅದೇ ಲಾಕ್ ಬೇಕು. ಎರಡನೆಯದಾಗಿ, ಇಬ್ಬರೂ ಲಾಕ್ ಹಿಡಿದಿದ್ದಾರೆ, ಆದರೆ ಬೇರೆ ಬೇರೆ ಲಾಕ್. ಜಾವಾದಲ್ಲಿ ಒಂದು ಮೆಥಡ್ ಸ್ಟ್ಯಾಟಿಕ್ ಆಗಿದ್ದು ಇನ್ನೊಂದು ಆಗಿರದಿದ್ದರೆ, ಎರಡಕ್ಕೂ ಸಿಂಕ್ರೊನೈಸ್ಡ್ ಎಂಬ ಪದ ಅಂಟಿಸಿದ್ದರೂ, ಒಂದು ಕ್ಲಾಸಿನ ಲಾಕ್ ಹಿಡಿಯುತ್ತದೆ, ಇನ್ನೊಂದು ಆಬ್ಜೆಕ್ಟಿನ ಲಾಕ್ ಹಿಡಿಯುತ್ತದೆ. ಒಂದೇ ಕೋಣೆಗೆ ಎರಡು ಬಾಗಿಲಿಟ್ಟು ಎರಡಕ್ಕೂ ಬೇರೆ ಬೀಗ ಹಾಕಿದಂತೆ. ಮೂರನೆಯದು ಗೋ ಭಾಷೆಯವರಿಗೆ: ಮ್ಯೂಟೆಕ್ಸ್ ಇರುವ ಸ್ಟ್ರಕ್ಟನ್ನು ಪ್ರತಿ ಮಾಡಿ ಫಂಕ್ಷನ್‌ಗೆ ಕೊಟ್ಟರೆ ಲಾಕಿನ ಪ್ರತಿಯೂ ಹೋಗುತ್ತದೆ, ಮೂಲ ಲಾಕ್ ಯಾರನ್ನೂ ತಡೆಯುವುದಿಲ್ಲ, ಗೋ ವೆಟ್ ಎಂಬ ಉಪಕರಣ ಇದನ್ನು ಬಿಟ್ಟಿಯಾಗಿ ಹಿಡಿದುಕೊಡುತ್ತದೆ. ನಾಲ್ಕನೆಯದು, ಲಾಕಿನ ಒಳಗಿರುವ ಪಟ್ಟಿಯನ್ನೇ ಹೊರಗಿನವರಿಗೆ ಕೊಟ್ಟುಬಿಡುವ ಫಂಕ್ಷನ್. ಕೊಡುವಾಗ ಲಾಕ್ ಇರುತ್ತದೆ, ಕೊಟ್ಟ ಮೇಲೆ ಅವರು ಆರಾಮವಾಗಿ ತಿದ್ದುತ್ತಿರುತ್ತಾರೆ. ಪ್ರತಿ ಮಾಡಿ ಕೊಡಬೇಕು.

ಇಲ್ಲಿ ಮಾಡಬೇಕಾದ ಪರೀಕ್ಷೆ ಒಂದು ಹಾಳೆಯ ಮೇಲಿನ ಪಟ್ಟಿ. ಒಂದಕ್ಕಿಂತ ಹೆಚ್ಚು ಥ್ರೆಡ್ ಮುಟ್ಟುವ ಪ್ರತಿ ಡೇಟಾದ ಹೆಸರು ಬರೆಯಿರಿ. ಅದರ ಮುಂದೆ ಓದುವವರು, ಬರೆಯುವವರು, ಕಾಯುವ ಲಾಕಿನ ಹೆಸರು. ಲಾಕಿನ ಮನೆ ಖಾಲಿ ಉಳಿದಲ್ಲಿ ಅಥವಾ ಎರಡು ಹೆಸರು ಬಂದಲ್ಲಿ ದೋಷವಿದೆ. ಬೇಸರದ ಕೆಲಸವೆಂದು ಜನ ಇದನ್ನು ಬಿಡುತ್ತಾರೆ. ನನ್ನ ಅನುಭವದಲ್ಲಿ ದುಬಾರಿ ಉಪಕರಣಗಳಿಗಿಂತ ಹೆಚ್ಚು ದೋಷಗಳನ್ನು ಈ ಹಾಳೆಯೇ ಹಿಡಿದುಕೊಟ್ಟಿದೆ.

ಲಕ್ಷಣ: ಒಂದೇ ವಸ್ತು ಇಬ್ಬರಿಗೆ ಮಾರಾಟವಾಗುತ್ತದೆ, ಒಂದೇ ಚೀಟಿ ಸಂಖ್ಯೆ ಎರಡು ಲಾರಿಗೆ ಬರುತ್ತದೆ

ನನ್ನ ಬಳಿ ಕಲಿತ ಹುಡುಗನೊಬ್ಬ ಬೀದರಿನಲ್ಲಿ ಬಿದ್ರಿ ವಸ್ತುಗಳನ್ನು ಮಾರುವ ಒಂದು ಜಾಲತಾಣವನ್ನು ನೋಡಿಕೊಳ್ಳುತ್ತಾನೆ. ಕೈಯಿಂದ ಬೆಳ್ಳಿ ಕೂರಿಸಿದ ಹೂದಾನಿ ಒಂದೇ ಇರುತ್ತದೆ, ಅದರಂಥದ್ದೇ ಇನ್ನೊಂದನ್ನು ಕೇಳಿದ ಕೂಡಲೇ ತಂದುಕೊಡಲು ಆಗುವುದಿಲ್ಲ. ಅಂಥ ಒಂದು ಹೂದಾನಿ ಇಬ್ಬರಿಗೆ ಮಾರಾಟವಾಯಿತು. ‘ನಮ್ಮದು ನೋಡ್ ಜೆಎಸ್, ಒಂದೇ ಥ್ರೆಡ್, ರೇಸ್ ಹೇಗೆ ಬರುತ್ತದೆ ಸರ್’ ಎಂಬುದು ಅವನ ಪ್ರಶ್ನೆ. ದಾಸ್ತಾನು ಒಂದಿದೆಯೇ ಎಂದು ಡೇಟಾಬೇಸನ್ನು ಕೇಳಿ, ಉತ್ತರಕ್ಕೆ ಅವೇಟ್ ಎಂದು ಕಾದು, ಆಮೇಲೆ ಸೊನ್ನೆ ಎಂದು ಬರೆಯುವ ಕೋಡ್ ಅದು. ಕಾಯುವ ಆ ಹೊತ್ತಿನಲ್ಲಿ ಎರಡನೆಯ ಗಿರಾಕಿಯ ಕೋರಿಕೆ ಒಳಗೆ ಬಂದು, ಅದೂ ‘ಒಂದಿದೆ’ ಎಂದೇ ಓದಿಕೊಂಡಿತ್ತು. ಥ್ರೆಡ್ ಒಂದೇ ಇದ್ದರೂ ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಸಂದು ಇದ್ದರೆ ರೇಸ್ ಬರುತ್ತದೆ.

ಇದಕ್ಕೆ ಪ್ರೋಗ್ರಾಮಿನ ಒಳಗೆ ಲಾಕ್ ಹಾಕುವುದು ಅರ್ಧ ಮದ್ದು. ನಾಳೆ ಸರ್ವರಿನ ಎರಡನೆಯ ಪ್ರತಿಯನ್ನು ಶುರು ಮಾಡಿದರೆ, ಅಥವಾ ಯಾದಗಿರಿಯ ಒಂದು ಹತ್ತಿ ಮಿಲ್ಲಿನಲ್ಲಿ ಮಾಡಿದಂತೆ ಎರಡು ಗೇಟಿಗೆ ಎರಡು ಕಂಪ್ಯೂಟರ್ ಇಟ್ಟರೆ, ಒಂದರ ಲಾಕ್ ಇನ್ನೊಂದಕ್ಕೆ ಕಾಣುವುದೇ ಇಲ್ಲ. ನಿರ್ಧಾರವನ್ನು ಡೇಟಾಬೇಸಿಗೇ ಬಿಡಬೇಕು: ‘ದಾಸ್ತಾನು ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಒಂದು ಕಳೆ’ ಎಂದು ಒಂದೇ ಅಪ್‌ಡೇಟ್ ಆದೇಶ ಕೊಟ್ಟು, ಎಷ್ಟು ಸಾಲು ಬದಲಾಯಿತು ಎಂದು ನೋಡಿ. ಸೊನ್ನೆ ಎಂದು ಬಂದರೆ ಇನ್ನೊಬ್ಬರು ಮೊದಲೇ ತೆಗೆದುಕೊಂಡಿದ್ದಾರೆ, ಹಣ ಕಡಿತವಾಗುವ ಮೊದಲೇ ಗಿರಾಕಿಗೆ ಹೇಳಿಬಿಡಬಹುದು. ಚೀಟಿ ಸಂಖ್ಯೆಯ ಕಾಲಂಗೆ ಒಂದೇ ಸಂಖ್ಯೆ ಎರಡು ಸಲ ಬಾರದಂತೆ ಕಾಯುವ ಯುನೀಕ್ ಇಂಡೆಕ್ಸ್ ಹಾಕಿ, ಆಗ ಎರಡನೆಯ ಚೀಟಿ ಬರೆಯಲು ಹೋದಾಗಲೇ ತಪ್ಪು ಬಯಲಾಗುತ್ತದೆ.

ಲಕ್ಷಣ: ಒಬ್ಬ ರೈತರ ಹೆಸರು, ಇನ್ನೊಬ್ಬರ ತೂಕ

ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ, ಏಕೆಂದರೆ ದಿನದ ಒಟ್ಟು ಲೆಕ್ಕ ಸರಿಯಾಗಿಯೇ ಕೂಡುತ್ತದೆ, ಅನ್ಯಾಯ ಮಾತ್ರ ಒಬ್ಬರಿಗೆ ಆಗುತ್ತದೆ. ಬರೆಯುವ ಥ್ರೆಡ್ ಮೊದಲು ಹೆಸರನ್ನು ಬದಲಿಸಿ ಆಮೇಲೆ ತೂಕವನ್ನು ಬದಲಿಸುತ್ತದೆ. ಚೀಟಿ ಮುದ್ರಿಸುವ ಥ್ರೆಡ್ ಈ ಎರಡರ ನಡುವೆ ಓದಿದರೆ ಹೊಸ ಹೆಸರು, ಹಳೆಯ ತೂಕ ಸಿಗುತ್ತವೆ. ಹೆಸರನ್ನೂ ತೂಕವನ್ನೂ ಬೇರೆ ಬೇರೆಯಾಗಿ ಅಟಾಮಿಕ್ ಮಾಡಿದರೂ ಇದು ಹೋಗುವುದಿಲ್ಲ. ಎರಡೂ ಸೇರಿದ್ದು ಒಂದು ಸತ್ಯ, ಅವು ಒಟ್ಟಿಗೇ ಬದಲಾಗಬೇಕು.

ಪರೀಕ್ಷೆ ಸರಳ: ಬರೆಯುವಾಗ ಹೆಸರಿನ ಜೊತೆಗೂ ತೂಕದ ಜೊತೆಗೂ ಒಂದೇ ಕ್ರಮಸಂಖ್ಯೆಯನ್ನು ಅಂಟಿಸಿ, ಮುದ್ರಿಸುವಾಗ ಎರಡೂ ಒಂದೇ ಆಗಿವೆಯೇ ಎಂದು ಪರಿಶೀಲಿಸಿ. ಒಂದು ಸಲ ಬೇರೆಯಾದರೂ ಮುದ್ರಣವನ್ನು ನಿಲ್ಲಿಸಬೇಕು. ಪರಿಹಾರವೆಂದರೆ ಒಂದು ತೂಕದ ಎಲ್ಲ ವಿವರಗಳನ್ನು ಸೇರಿಸಿ, ಒಮ್ಮೆ ಕಟ್ಟಿದ ಮೇಲೆ ಬದಲಿಸಲಾಗದ ಒಂದೇ ದಾಖಲೆಯನ್ನಾಗಿ ಮಾಡಿ, ಅದನ್ನೇ ಇಡಿಯಾಗಿ ಮುಂದಕ್ಕೆ ಕಳಿಸುವುದು. ಬದಲಾಗದ ಡೇಟಾವನ್ನು ಎಷ್ಟು ಥ್ರೆಡ್ ಓದಿದರೂ ತೊಂದರೆಯಿಲ್ಲ.

ಲಕ್ಷಣ: ಗೋ ಅಥವಾ ಜಾವಾ ಪ್ರೋಗ್ರಾಂ ಪಟ್ಟಿ ಓದುವಾಗ ಬಿದ್ದುಹೋಗುತ್ತದೆ

ಗೋ ಭಾಷೆಯಲ್ಲಿ ‘ಕಾನ್‌ಕರೆಂಟ್ ಮ್ಯಾಪ್ ರೈಟ್ಸ್’ ಎಂದು ಬಂದರೆ ಇಬ್ಬರು ಒಂದೇ ಮ್ಯಾಪಿಗೆ ಬರೆದಿದ್ದಾರೆ. ಅದನ್ನು ರಿಕವರ್ ಮಾಡಿ ಮುಂದುವರಿಯಲು ಆಗುವುದಿಲ್ಲ. ಜಾವಾದ ‘ಕಾನ್‌ಕರೆಂಟ್ ಮಾಡಿಫಿಕೇಷನ್ ಎಕ್ಸೆಪ್ಷನ್’ ಎಂಬುದರ ಹೆಸರು ನೋಡಿ ಮೋಸ ಹೋಗಬೇಡಿ, ಒಂದೇ ಥ್ರೆಡ್ ಪಟ್ಟಿಯ ಮೇಲೆ ಲೂಪ್ ನಡೆಸುತ್ತ ಅದರಿಂದಲೇ ಒಂದನ್ನು ತೆಗೆದರೂ ಅದು ಬರುತ್ತದೆ. ಈ ಬೀಳುವಿಕೆಗಳು ವಾಸ್ತವವಾಗಿ ಉಪಕಾರಿ. ಟ್ರೈ–ಕ್ಯಾಚ್ ಹಾಕಿ ಮುಚ್ಚಿದರೆ ಮೊದಲ ಲಕ್ಷಣದ ಸದ್ದಿಲ್ಲದ ಕಳ್ಳತನ ಮಾತ್ರ ಉಳಿಯುತ್ತದೆ.

ಲಕ್ಷಣ: ನೋಡಲು ಕೂತರೆ ದೋಷ ಬರುವುದಿಲ್ಲ

ಲಾಗ್ ಸಾಲು ಸೇರಿಸಿದ ಕೂಡಲೇ ದೋಷ ಹೋಯಿತು, ತೆಗೆದರೆ ಬಂತು. ಇದರ ಅರ್ಥ, ಹೆಜ್ಜೆಗಳ ನಡುವಿನ ಹೊತ್ತು ಬದಲಾಗುತ್ತಿದೆ. ಮುದ್ರಿಸುವ ಫಂಕ್ಷನ್ ತಾನೇ ಒಳಗೊಂದು ಲಾಕ್ ಹಿಡಿಯುವುದರಿಂದ ಥ್ರೆಡ್‌ಗಳನ್ನು ಸಾಲಾಗಿ ನಿಲ್ಲಿಸಿಬಿಡುತ್ತದೆ. ಹೀಗಾದಾಗ ಹತ್ತು ಮಿಲಿಸೆಕೆಂಡಿನ ಸ್ಲೀಪ್ ಹಾಕಿ ‘ಸರಿಹೋಯಿತು’ ಎಂದು ಹೊರಟುಬಿಡುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಲೀಪ್ ದೋಷವನ್ನು ಅಪರೂಪ ಮಾಡುತ್ತದೆ ಅಷ್ಟೇ, ಮುಂದಿನ ಸುಗ್ಗಿಯಲ್ಲಿ ಅದನ್ನು ಹುಡುಕುವವರಿಗೆ ಈಗಿನದಕ್ಕಿಂತ ಹತ್ತು ಪಟ್ಟು ಕಷ್ಟ.

ಇಲ್ಲಿ ರೇಸ್ ಪತ್ತೆ ಮಾಡುವ ಉಪಕರಣವನ್ನು ಹೊರತೆಗೆಯಬೇಕು. ಗೋ ಭಾಷೆಗೆ 2013ರ 1.1 ಆವೃತ್ತಿಯಿಂದಲೇ ರೇಸ್ ಡಿಟೆಕ್ಟರ್ ಜೊತೆಗೇ ಬರುತ್ತದೆ, ಪರೀಕ್ಷೆ ನಡೆಸುವಾಗ ರೇಸ್ ಎಂಬ ಆಯ್ಕೆಯನ್ನು ಸೇರಿಸಿದರೆ ಸಾಕು. ಸಿ, ಸಿ ಪ್ಲಸ್ ಪ್ಲಸ್‌ಗೆ ಜಿಸಿಸಿ ಮತ್ತು ಕ್ಲ್ಯಾಂಗ್ ಎರಡರಲ್ಲೂ ಥ್ರೆಡ್ ಸ್ಯಾನಿಟೈಸರ್ ಇದೆ. ಇವು ಯಾವ ಎರಡು ಸಾಲುಗಳು ಒಂದೇ ಜಾಗಕ್ಕೆ ರಕ್ಷಣೆಯಿಲ್ಲದೆ ಕೈ ಹಾಕಿದವು ಎಂದು ಎರಡರ ವಿಳಾಸವನ್ನೂ ಕೊಡುತ್ತವೆ. ಮೊದಲ ವರದಿಯಿಂದ ಶುರು ಮಾಡಿ, ಕೆಳಗಿನವು ಬಹಳ ಸಲ ಅದರ ಮಕ್ಕಳೇ ಆಗಿರುತ್ತವೆ. ಗೋ ಡಿಟೆಕ್ಟರ್ ಹಚ್ಚಿದಾಗ ಮೆಮೊರಿ 5ರಿಂದ 10 ಪಟ್ಟು, ಸಮಯ 2ರಿಂದ 20 ಪಟ್ಟು ಹೆಚ್ಚುವುದರಿಂದ ವ್ಯವಹಾರ ನಡೆಯುತ್ತಿರುವ ಯಂತ್ರದಲ್ಲಿ ಇದನ್ನು ಓಡಿಸಬಾರದು. ಇನ್ನೊಂದು ಮಿತಿಯೂ ಇದೆ: ಆ ಓಟದಲ್ಲಿ ನಡೆದ ದಾರಿಯನ್ನು ಮಾತ್ರ ಅದು ನೋಡುತ್ತದೆ. ವರದಿ ಬಂದರೆ ದೋಷ ಖಚಿತ. ಬಾರದಿದ್ದರೆ ದೋಷವಿಲ್ಲವೆಂದು ಖಚಿತವಲ್ಲ.

ಅನ್‌ಸೇಫ್ ಎಂದು ಗುರುತು ಹಾಕಿದ ಕೋಡನ್ನು ಬಿಟ್ಟರೆ ರಸ್ಟ್ ಭಾಷೆ ಈ ಡೇಟಾ ರೇಸನ್ನು ಕಂಪೈಲ್ ಆಗುವಾಗಲೇ ತಡೆಯುತ್ತದೆ. ಹೊಸದಾಗಿ ಶುರು ಮಾಡುವವರು ಅದನ್ನು ಗಂಭೀರವಾಗಿ ಯೋಚಿಸಬಹುದು. ಆದರೆ ನೋಡುವುದಕ್ಕೂ ಮಾಡುವುದಕ್ಕೂ ನಡುವಿನ ಸಂದನ್ನಾಗಲಿ, ಒಬ್ಬರಿಗಾಗಿ ಒಬ್ಬರು ಕಾಯುತ್ತ ಎಲ್ಲರೂ ನಿಂತುಬಿಡುವ ಡೆಡ್‌ಲಾಕನ್ನಾಗಲಿ ಅದೂ ತಡೆಯದು.

ಲಕ್ಷಣ: ‘ನಿಲ್ಲಿಸು’ ಎಂದರೂ ಥ್ರೆಡ್ ನಿಲ್ಲುವುದಿಲ್ಲ

ಒಂದು ಥ್ರೆಡ್ ‘ನಿಲ್ಲಿಸು’ ಎಂಬ ಗುರುತನ್ನು ನಿಜಕ್ಕೆ ಬದಲಿಸಿದೆ, ಇನ್ನೊಂದು ಸುಳ್ಳು ಎಂದೇ ತಿಳಿದು ಸುತ್ತುತ್ತಿದೆ. ಲೂಪಿನ ಒಳಗೆ ಆ ಗುರುತನ್ನು ಯಾರೂ ಬದಲಿಸುವುದಿಲ್ಲವೆಂದು ಕಂಡ ಕಂಪೈಲರು ಅದನ್ನು ಒಮ್ಮೆ ಮಾತ್ರ ಓದಿ ಇಟ್ಟುಕೊಳ್ಳಬಹುದು. ಅದಕ್ಕೆ ಆ ಹಕ್ಕಿದೆ. ಪರೀಕ್ಷೆಗೆ ಕಟ್ಟುವ ಡೀಬಗ್ ರೂಪದಲ್ಲಿ ಸರಿಯಿದ್ದು ಬಳಕೆಗೆ ಕೊಡುವ ರಿಲೀಸ್ ರೂಪದಲ್ಲಿ ಮಾತ್ರ ತಪ್ಪಿದರೆ ಇದನ್ನೇ ಮೊದಲು ನೋಡಿ. ಜಾವಾದಲ್ಲಿ ಆ ಗುರುತಿಗೆ ವೊಲಟೈಲ್ ಎಂದು ಬರೆಯಬೇಕು. ಸಿ ಪ್ಲಸ್ ಪ್ಲಸ್‌ನಲ್ಲಿ ಅದೇ ಪದ ಈ ಕೆಲಸ ಮಾಡುವುದಿಲ್ಲ, ಅಲ್ಲಿ ಅಟಾಮಿಕ್ ಬೇಕು. ಈ ವ್ಯತ್ಯಾಸ ತಿಳಿಯದೆ ಜಾವಾದಿಂದ ಬಂದವರು ಎಡವುತ್ತಾರೆ.

ಇದರದೇ ತಂಗಿಯಂಥ ದೋಷ: ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಸರಿಯಿದ್ದ ಕೋಡ್ ಮೊಬೈಲಿನಲ್ಲಿ ತಪ್ಪುತ್ತದೆ. ಮೊಬೈಲುಗಳಲ್ಲಿರುವ ಎಆರ್‌ಎಂ ಪ್ರೊಸೆಸರುಗಳು ಮೆಮೊರಿಯ ಓದು–ಬರಹಗಳ ಕ್ರಮವನ್ನು ಇಂಟೆಲ್ ಬಗೆಯವಕ್ಕಿಂತ ಹೆಚ್ಚು ಸಡಿಲವಾಗಿ ಬದಲಿಸಬಲ್ಲವು. ಯಂತ್ರ ಕೆಟ್ಟಿಲ್ಲ, ಮೊದಲಿನಿಂದ ಇದ್ದ ತಪ್ಪು ಈಗ ಕಾಣುತ್ತಿದೆ.

ಲಕ್ಷಣ: ಪರದೆ ಅಲುಗಾಡುವುದಿಲ್ಲ

ಮೊದಲು ಸಿಪಿಯು ಬಳಕೆ ನೋಡಿ. ಒಂದು ಕೋರ್ ಪೂರ್ತಿ ಕುದಿಯುತ್ತಿದ್ದರೆ ಯಾವುದೋ ಲೂಪ್ ಸುತ್ತುತ್ತಿದೆ. ಲಾಕಿಲ್ಲದೆ ಹಂಚಿಕೊಂಡ ಹ್ಯಾಶ್‌ಮ್ಯಾಪ್ ಜಾವಾ 8ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಹಿಗ್ಗುವಾಗ ಹೀಗೆ ಕೊನೆಯಿಲ್ಲದೆ ಸುತ್ತುತ್ತಿತ್ತು. ಸಿಪಿಯು ತಣ್ಣಗಿದ್ದರೆ ಎಲ್ಲರೂ ಯಾವುದಕ್ಕೋ ಕಾಯುತ್ತಿದ್ದಾರೆ.

ಆಗ ಯಾವ ಥ್ರೆಡ್ ಎಲ್ಲಿ ನಿಂತಿದೆ ಎಂದು ತೋರಿಸುವ ಥ್ರೆಡ್ ಡಂಪ್ ತೆಗೆಯಿರಿ. ಜಾವಾಕ್ಕೆ ಜೆಸ್ಟ್ಯಾಕ್, ಪೈಥಾನಿಗೆ ಪೈ-ಸ್ಪೈ ಇವೆ. ಗೋ ಪ್ರೋಗ್ರಾಮಿಗೆ ಕ್ವಿಟ್ ಸಿಗ್ನಲ್ ಕೊಟ್ಟರೆ, ಅದರ ಹಗುರ ಥ್ರೆಡ್‌ಗಳಾದ ಎಲ್ಲ ಗೊರೂಟಿನ್‌ಗಳ ಸ್ಥಿತಿಯನ್ನು ಮುದ್ರಿಸಿ ಅದು ನಿಂತುಹೋಗುತ್ತದೆ, ಆದ್ದರಿಂದ ಅದನ್ನು ತಿಳಿದೇ ಮಾಡಬೇಕು. ನಿಲ್ಲಿಸದೆ ತೆಗೆಯಬಹುದಾದಲ್ಲಿ ಹತ್ತು ಸೆಕೆಂಡಿಗೊಂದರಂತೆ ಮೂರು ಸಲ ತೆಗೆಯಿರಿ. ಮೂರರಲ್ಲೂ ಅದೇ ಥ್ರೆಡ್ ಅದೇ ಸಾಲಿನಲ್ಲಿದ್ದರೆ ಸಿಕ್ಕಿಕೊಂಡಿದೆ. ಜಾಗ ಬದಲಾಗುತ್ತಿದ್ದರೆ ನಿಧಾನವಾಗಿದೆ ಅಷ್ಟೇ. ಡೆಡ್‌ಲಾಕ್ ಆಗಿದ್ದರೆ ಜೆಸ್ಟ್ಯಾಕ್ ತಾನೇ ಹೆಸರಿಟ್ಟು ಹೇಳುತ್ತದೆ. ಗೋ ಮಾತ್ರ ಎಲ್ಲ ಗೊರೂಟಿನ್‌ಗಳೂ ನಿದ್ದೆ ಹೋದಾಗಲೇ ಡೆಡ್‌ಲಾಕ್ ಎನ್ನುತ್ತದೆ, ಒಂದು ಎಚ್ಚರವಿದ್ದರೂ ಸುಮ್ಮನಿರುತ್ತದೆ.

ನಮ್ಮಲ್ಲಿ ಒಂದು ಥ್ರೆಡ್ ದಾಸ್ತಾನಿನ ಲಾಕ್ ಹಿಡಿದು ರೈತರ ಖಾತೆಯ ಲಾಕಿಗೆ ಕಾಯುತ್ತಿತ್ತು, ಇನ್ನೊಂದು ಖಾತೆ ಹಿಡಿದು ದಾಸ್ತಾನಿಗೆ ಕಾಯುತ್ತಿತ್ತು. ಡೆಡ್‌ಲಾಕಿಗೆ ನಾಲ್ಕು ಷರತ್ತುಗಳು ಒಟ್ಟಿಗೆ ಕೂಡಿಬರಬೇಕೆಂದು ಕಾಫ್‌ಮನ್ ಮತ್ತು ಸಂಗಡಿಗರು 1971ರಲ್ಲೇ ತೋರಿಸಿದ್ದಾರೆ. ಅವುಗಳಲ್ಲಿ ಮುರಿಯಲು ಸುಲಭವಾದದ್ದು ಸುತ್ತು ಹಾಕಿಕೊಂಡು ಕಾಯುವುದು: ಎಲ್ಲರೂ ಮೊದಲು ದಾಸ್ತಾನು, ಆಮೇಲೆ ಖಾತೆ ಎಂಬ ಒಂದೇ ಕ್ರಮದಲ್ಲಿ ಲಾಕ್ ಹಿಡಿದರೆ ಸುತ್ತು ಕಟ್ಟಿಕೊಳ್ಳುವುದೇ ಇಲ್ಲ. ಆ ಕ್ರಮವನ್ನು ಕೋಡಿನ ತಲೆಯಲ್ಲೇ ಬರೆದಿಡಿ. ಇನ್ನೊಂದು ಸಾಮಾನ್ಯ ಕಾರಣ, ಲಾಕ್ ಹಿಡಿದುಕೊಂಡೇ ಕಾಂಟಾದ ಕೇಬಲಿನಿಂದ ಓದಲು ಕೂರುವುದು. ಕೇಬಲ್ ಸಡಿಲವಾದರೆ ಇಡೀ ಅಂಗಳ ನಿಲ್ಲುತ್ತದೆ. ಓದಿ ಮುಗಿಸಿ, ಆಮೇಲೆ ಲಾಕ್ ಹಿಡಿದು, ಬರೆದು, ಕೂಡಲೇ ಬಿಡಬೇಕು.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ರೈತರಿಗೆ ಕೊಟ್ಟ ಹಣದಲ್ಲಿ ಈಗಾಗಲೇ ವ್ಯತ್ಯಾಸವಾಗಿದ್ದರೆ ಮೊದಲು ಮಾಲೀಕರಿಗೂ ಲೆಕ್ಕಿಗರಿಗೂ ಹೇಳಿ. ಡೇಟಾಬೇಸಿನ ಹಳೆಯ ಸಂಖ್ಯೆಗಳನ್ನು ಒಬ್ಬರೇ ಕೂತು ತಿದ್ದಬಾರದು. ರೇಸ್ ವರದಿ ಕಾಂಟಾ ಕಂಪನಿಯ ಡ್ರೈವರಿನ ಒಳಗನ್ನು ತೋರಿಸಿದರೆ ವರದಿಯನ್ನು ಅವರಿಗೆ ಕಳಿಸಿ, ಅಲ್ಲಿಯವರೆಗೆ ಆ ಡ್ರೈವರನ್ನು ಒಂದೇ ಥ್ರೆಡ್ ಮುಟ್ಟುವಂತೆ ಮಾಡಿ. ಲಾಕ್ ನಿಧಾನವೆಂದು ಲಾಕಿಲ್ಲದ ರಚನೆಯನ್ನು ನೀವೇ ಬರೆಯಲು ಹೊರಟಿದ್ದರೆ ನಿಲ್ಲಿ. ಅದು ವರ್ಷಗಟ್ಟಲೆ ಅದನ್ನೇ ಮಾಡಿದವರ ಕೆಲಸ, ಭಾಷೆಯ ಜೊತೆಗೆ ಬರುವ ಸಿದ್ಧ ರಚನೆಗಳನ್ನು ಬಳಸಿ. ಯಂತ್ರ ನಡೆಸುವ ಕೋಡಿನಲ್ಲಿ ಮೇಲಿನ ಯಾವುದೇ ಲಕ್ಷಣ ಕಂಡರೂ ನಿಯಂತ್ರಣ ವ್ಯವಸ್ಥೆ ತಿಳಿದವರು ಬರುವ ತನಕ ಯಂತ್ರ ಹಚ್ಚಬಾರದು.

ಸರಿಯಾಯಿತೆಂದು ಯಾವಾಗ ಹೇಳಬಹುದು

ಒಂದು ದಿನ ತಪ್ಪದಿದ್ದರೆ ಸರಿಯಾಯಿತೆಂದು ತಿಳಿಯಬಾರದು, ಮಳೆಗಾಲವೆಲ್ಲ ತಪ್ಪಿರಲಿಲ್ಲ. ಏನು ತಪ್ಪಿತ್ತು, ಯಾವ ಎರಡು ಹೆಜ್ಜೆ ಒಂದರ ಮೇಲೊಂದು ಬಿದ್ದವು, ಈಗ ಯಾವುದು ಅದನ್ನು ತಡೆಯುತ್ತದೆ ಎಂದು ಮೂರು ವಾಕ್ಯದಲ್ಲಿ ಬರೆಯಲು ಬರಬೇಕು. ಒತ್ತಡದ ಪರೀಕ್ಷೆಯನ್ನು ತಿದ್ದುವ ಮೊದಲಿನ ಕೋಡಿನ ಮೇಲೆ ಓಡಿಸಿ ಅದು ಸೋಲುವುದನ್ನು ಕಣ್ಣಾರೆ ನೋಡಿ, ಆಮೇಲೆ ತಿದ್ದಿದ್ದರ ಮೇಲೆ ರಾತ್ರಿಯಿಡೀ ಓಡಿಸಬೇಕು. ಸೋತು ತೋರಿಸದ ಪರೀಕ್ಷೆ ಗೆದ್ದದ್ದಕ್ಕೆ ಬೆಲೆಯಿಲ್ಲ.

ಒಟ್ಟಿನ ಲೆಕ್ಕವನ್ನು ಒಂದೇ ಥ್ರೆಡ್‌ಗೆ ಒಪ್ಪಿಸಿದ ಮೇಲೂ ನಾವು ಹದಿನೈದು ದಿನ ಮೇಸ್ತ್ರಿಯವರ ವಹಿಯನ್ನು ಪ್ರತಿ ಸಂಜೆ ಪರದೆಯ ಪಕ್ಕದಲ್ಲಿಟ್ಟು ತಾಳೆ ನೋಡಿದೆವು. ಹದಿನಾರನೆಯ ದಿನ ಅವರು ವಹಿ ತರಲಿಲ್ಲ. ನಾನೇ ಹೋಗಿ, ಸುಗ್ಗಿ ಮುಗಿಯುವ ತನಕ ತರಬೇಕೆಂದು ಕೇಳಿಕೊಂಡೆ.